ಠಾಣೆಯಲ್ಲಿ ಬಿಗಿಯಾದ ಟ್ರಿಗರ್

ಚೆನ್ನಾಗಿದ್ದ ಟ್ರಿಗರನ್ನು ಪೊಲೀಸರು ಕೆಡಿಸಿದರು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ, ತಾವಾಗಿಯೇ ಕೆಡಿಸಿದರು. ಕೆಡಿಸಿ, ಅದನ್ನು ಉಪಕಾರ ಎಂದು ಕರೆದರು. ಇದು ತಪ್ಪು. ಆವತ್ತು ಅವರ ಮುಖದ ಮುಂದೆಯೇ ತಪ್ಪು ಅಂದೆ, ಇವತ್ತು ಬರೆದು ಹೇಳುತ್ತಿದ್ದೇನೆ.

ಬರೆಯಲು ಕೂತರೆ ಸಿಟ್ಟಿನ ಜೊತೆಗೆ ನಗುವೂ ಬರುತ್ತದೆ, ಅದು ಬೇರೆ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಚುನಾವಣೆ ಬಂದಿರುತ್ತದೆ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಟ್ರಿಗರ್ ನನ್ನದಲ್ಲ, ನಮ್ಮೂರಿನ ಸುಬೇದಾರರದು. ಮಿಲಿಟರಿಯಿಂದ ನಿವೃತ್ತರಾಗಿ ಹುಣಸೂರಿನ ಪಕ್ಕದ ನಮ್ಮ ಊರಿಗೆ ಬಂದು ಹೊಗೆಸೊಪ್ಪು ಬೆಳೆಯುತ್ತಿದ್ದವರು. ಸೇನೆಯಲ್ಲಿ ಗುರಿ ಹೊಡೆಯುವ ಪಂದ್ಯಗಳಲ್ಲಿ ಹೆಸರು ಮಾಡಿದ್ದರು. ಅವರ ಹತ್ತಿರ ಒಂದು ಪಿಸ್ತೂಲು ಇತ್ತು. ಸಿನಿಮಾದಲ್ಲಿ ಸೊಂಟದಿಂದ ಎಳೆಯುವಂಥದ್ದಲ್ಲ. ಮೊಳದುದ್ದದ ನಳಿಗೆ, ರೈಫಲ್ಲಿಗೆ ಇರುವಂಥ, ಚಿಲಕದ ಹಾಗೆ ಎಳೆದು ಮುಚ್ಚುವ ಬೋಲ್ಟು, ಮೇಲೊಂದು ದುರ್ಬೀನು. ಬೋಲ್ಟು ಎಳೆದು ಒಂದೇ ಒಂದು ಗುಂಡು ಹಾಕಬೇಕು, ಮುಚ್ಚಬೇಕು, ಹೊಡೆಯಬೇಕು, ಮತ್ತೆ ತೆಗೆಯಬೇಕು. ಜಗಳಕ್ಕೆ ಒದಗುವ ವಸ್ತುವಲ್ಲ. ಇದಕ್ಕೆ ಗುಂಡು ತುಂಬುವಷ್ಟರಲ್ಲಿ ಎದುರಾಳಿ ಬಡಿದು, ಮನೆಗೆ ಹೋಗಿ, ಉಂಡು ಮಲಗಿರುತ್ತಾನೆ. ದೂರದಲ್ಲಿ ನೆಟ್ಟ ಕಾಗದಕ್ಕೆ ನಿಧಾನವಾಗಿ ಹೊಡೆಯಲು ಮಾಡಿದ್ದು.

ನನ್ನದು ಹೊಲಕ್ಕೆ ಬರುವ ಹಂದಿಯನ್ನು ಬೆದರಿಸುವ ಒಂಟಿ ನಳಿಗೆ ಕೋವಿ. ಭಾನುವಾರ ಇಬ್ಬರೂ ಊರಾಚೆಯ ಪಾಳು ಕ್ವಾರಿಗೆ ಹೋಗುತ್ತಿದ್ದೆವು. ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಸಿ ಅನುಮತಿ ತಂದಿದ್ದ ಜಾಗ. ಹಿಂದೆ ಎತ್ತರದ ಮಣ್ಣಿನ ದಿಬ್ಬ. ಅಲ್ಲಿ ಹೊಡೆಯುವವರು ಸುಬೇದಾರರು, ಹೊಡೆದ ಮೇಲೆ ಹೋಗಿ ಕಾಗದ ನೋಡಿಕೊಂಡು ಬರುವವನು ನಾನು.

೧. ಅರೆದಿಟ್ಟ ಮಸಾಲೆ

ಕೋವಿ ಹಿಡಿದು ಬೆಳಿಗ್ಗೆ ಹೊರಟವನು ಮಧ್ಯಾಹ್ನ ಮಾಂಸ ಹಿಡಿದು ಬರಬೇಕು. ಕಾಡಂಚಿನ ನಮ್ಮ ಊರುಗಳಲ್ಲಿ ಇದು ಅಜ್ಜಂದಿರ ಕಾಲದ ಲೆಕ್ಕ. ಕಾನೂನು ಬದಲಾಗಿ ಎಷ್ಟೋ ವರ್ಷವಾಯಿತು, ಲೆಕ್ಕ ಮಾತ್ರ ಬದಲಾಗಿಲ್ಲ.

ಸುಬೇದಾರರ ಪಕ್ಕದ ಮನೆಯಲ್ಲಿ ಒಬ್ಬರು ಅಕ್ಕ ಇದ್ದರು. ಮೊದಲ ಭಾನುವಾರ ನಾವು ಹೊರಟದ್ದನ್ನು ಜಗುಲಿಯಿಂದ ನೋಡಿದರು. ವಾಪಸ್ ಬರುವಷ್ಟರಲ್ಲಿ ಧನಿಯ, ಚಕ್ಕೆ, ಲವಂಗ ಹುರಿದ ವಾಸನೆ ಬೀದಿಗೆಲ್ಲ ಹರಡಿತ್ತು. ಮಸಾಲೆ ಅರೆದಿಟ್ಟು, ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸುಬೇದಾರರು ಚೀಲದಿಂದ ತೂತು ಬಿದ್ದ ಕಾಗದವನ್ನು ತೆಗೆದು ತೋರಿಸಿದರು. ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಚೀಲದೊಳಗೂ ಇಣುಕಿದರು. ಖಾಲಿ ಪಾತ್ರೆ ಹಿಡಿದುಕೊಂಡು ಒಳಗೆ ಹೋದರು. ಆವತ್ತು ಆ ಮಸಾಲೆಗೆ ಆಲೂಗಡ್ಡೆ ಬಿತ್ತು.

ಮುಂದಿನ ಭಾನುವಾರವೂ ಮಸಾಲೆ ಅರೆದರು. ಬದನೆಕಾಯಿ ಬಿತ್ತು. ಅದರ ಮುಂದಿನ ವಾರ ಹುರುಳಿಕಾಳು. ಅಷ್ಟರಲ್ಲಿ ಅಕ್ಕನಿಗೆ ಅನುಮಾನ ಬಂದಿತ್ತು. ನಾವಿಬ್ಬರೂ ಕ್ವಾರಿಯಲ್ಲೇ ಸುಟ್ಟು ತಿಂದು, ಬಾಯಿ ಒರೆಸಿಕೊಂಡು, ಊರಿಗೆ ಕಾಗದ ತೋರಿಸುತ್ತಿದ್ದೇವೆ ಎಂದು ನಲ್ಲಿಯ ಹತ್ತಿರ ಹೇಳಿಕೊಂಡು ಬಂದರು. ಸುಬೇದಾರರ ಹೆಂಡತಿ ಅದನ್ನು ನಂಬಿದರು. ಸುಬೇದಾರರಿಗೆ ಎರಡು ದಿಕ್ಕಿನಿಂದ ಗುಂಡು ಬೀಳತೊಡಗಿತು. ನಿಂತು ವಿವರಿಸಿದರು: ನಾವು ಪ್ರಾಣಿ ಹೊಡೆಯುವುದಿಲ್ಲ, ಕಾಗದದ ನಡುವಿನ ಕಪ್ಪು ಚುಕ್ಕೆಗೆ ಹೊಡೆಯುತ್ತೇವೆ, ಚುಕ್ಕೆಗೆ ಹತ್ತಿರ ಬಿದ್ದಷ್ಟೂ ಒಳ್ಳೆಯದು.

ಅಕ್ಕ ಪೂರ್ತಿ ಕೇಳಿಸಿಕೊಂಡರು. ಇಷ್ಟು ವಯಸ್ಸಾದ ಗಂಡಸಿಗೆ ನಡೆದಾಡುವ ಪ್ರಾಣಿ ಹೊಡೆಯಲು ಆಗುತ್ತಿಲ್ಲ, ನಾಚಿಕೆಗೆ ಚುಕ್ಕೆ ಗಿಕ್ಕೆ ಅನ್ನುತ್ತಿದ್ದಾರೆ ಎಂದು ಅವರಿಗೆ ಅರ್ಥವಾಯಿತು. ಮರುಕವೂ ಬಂತು. ಮುಂದಿನ ಭಾನುವಾರ ನಾವು ಹೊರಡುವಾಗ ಒಂದು ಹುಂಜವನ್ನು ತಂದು ಸುಬೇದಾರರ ಕೈಗೆ ಕೊಟ್ಟರು.

"ತಗೊಳ್ಳಿ ಅಣ್ಣಯ್ಯ, ಇದ್ನಾದ್ರೂ ಹೊಡ್ಕಂಬನ್ನಿ. ಕಾಲು ಕಟ್ಟಿವ್ನಿ, ಎಲ್ಲೂ ಓಡಕಿಲ್ಲ."

೨. ಟಿಫಿನ್ ಡಬ್ಬಿಯಲ್ಲಿ ಹೋದ ಕೈ

ಹಳೆಯ ಕೋವಿಯವರು ಕುದುರೆ ಅನ್ನುತ್ತಾರಲ್ಲ, ಅದೇ ಟ್ರಿಗರ್. ಗುರಿ ಹೊಡೆಯುವವನಿಗೆ ಅದೇ ಪ್ರಾಣ. ಟ್ರಿಗರ್ ಬಿಗಿಯಾಗಿದ್ದರೆ ಬೆರಳು ಒದ್ದಾಡುತ್ತದೆ, ಬೆರಳು ಒದ್ದಾಡಿದರೆ ನಳಿಗೆ ಅಲುಗುತ್ತದೆ. ನಳಿಗೆ ಇಲ್ಲಿ ಎಳ್ಳಷ್ಟು ಅಲುಗಿದರೆ ಗುಂಡು ಅಲ್ಲಿ ಮಾರು ದೂರ ಹೋಗಿ ಬೀಳುತ್ತದೆ.

ಸುಬೇದಾರರ ಬಲಗೈ ತೋರುಬೆರಳು ಸೇನೆಯಲ್ಲಿದ್ದಾಗ ಹಿಮಕ್ಕೆ ಸಿಕ್ಕಿ ಮರಗಟ್ಟಿತ್ತು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ನಡುಬೆರಳಿನಲ್ಲಿ ಹೊಡೆಯುತ್ತಿದ್ದರು. ಕಂಪನಿಯ ಟ್ರಿಗರ್ ಆ ಬೆರಳಿಗೆ ಒಗ್ಗಲಿಲ್ಲ. ಪಿರಿಯಾಪಟ್ಟಣದಲ್ಲಿ ಲೈಸೆನ್ಸ್ ಇದ್ದ ಒಬ್ಬ ಕೋವಿ ರಿಪೇರಿಯವರಿದ್ದರು. ಸುಬೇದಾರರ ಬೆರಳಿಗೆ ತಕ್ಕ ಬೇರೆ ಟ್ರಿಗರ್ ಮಾಡಿಕೊಡಲು ಒಪ್ಪಿದರು. ಆದರೆ ಬೆರಳು ಎಲ್ಲಿಗೆ ಬರುತ್ತದೆ ಎಂದು ತಿಳಿಯಲು ಕೈ ಹಿಡಿತದ ಅಚ್ಚು ಬೇಕು, ಹಸಿ ಮಣ್ಣು ಕಲಸಿ ಹಿಡಿದು ಒತ್ತಿ ಕಳಿಸಿ ಎಂದರು.

ಮಣ್ಣು ಒಣಗಿ ಬಿರುಕು ಬಿಟ್ಟಿತು. ಮತ್ತೆ ಕಲಸಿದರು, ಮತ್ತೆ ಬಿರುಕು. ಸುಬೇದಾರರು ಅಡುಗೆಮನೆಗೆ ಹೋಗಿ ಆಗತಾನೆ ತೊಳಸಿ ಕಟ್ಟಿದ್ದ ರಾಗಿ ಮುದ್ದೆಯನ್ನು ಎತ್ತಿಕೊಂಡು, ಪಿಸ್ತೂಲು ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದರು. ಕೈ ಸುಟ್ಟಿತು, ಬಿಡಲಿಲ್ಲ. ಮುದ್ದೆ ಆರಿದ ಮೇಲೆ ನೋಡಿದರೆ ಐದು ಬೆರಳೂ ಅಂಗೈ ಗೆರೆಯೂ ಚೆನ್ನಾಗಿ ಮೂಡಿದ್ದವು. ಟಿಫಿನ್ ಡಬ್ಬಿಯಲ್ಲಿಟ್ಟು, ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆವು.

ವಾರವಾದರೂ ಸುದ್ದಿ ಇಲ್ಲ. ನಾನೇ ಹೋದೆ. ರಿಪೇರಿಯವರು ಆ ದಿನಗಳಲ್ಲಿ ಸರಗೂರಿಗೆ ಹೋಗಿದ್ದವರು ಆಗಷ್ಟೇ ಬಂದಿದ್ದರು, ಅಚ್ಚು ಬಂದೇ ಇಲ್ಲ ಎಂದರು. ಅಂಗಡಿಯ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ಅವರ ತಂದೆ, ಹುಣಸೂರು ಕಡೆಯಿಂದ ಟಿಫಿನ್ ಡಬ್ಬಿ ಕಳಿಸಿದವರು ನೀವೇನಾ ಎಂದು ಕೇಳಿದರು. ಹೌದು ಅಂದೆ.

"ಮುದ್ದೆ ಬಲು ಪಸಂದಾಗಿತ್ತು ಕಣಪ್ಪ. ಯಾರೋ ಆಗ್ಲೇ ಇಸುಕಿದ್ರು, ಆದ್ರೂ ಪರವಾಗಿಲ್ಲ ಅಂತ ಉಂಡೆ. ಸಾರು ಕಳ್ಸೋದ್ನ ಮಾತ್ರ ಮರ್ತುಬುಟ್ಟಿದ್ರಿ."

ಆಮೇಲೆ ಸುಬೇದಾರರೇ ಕೈಯನ್ನು ತೆಗೆದುಕೊಂಡು ಬಸ್ ಹತ್ತಿದರು. ಬಂದ ಟ್ರಿಗರ್ ಹೇಗಿತ್ತೆಂದರೆ, ನಡುಬೆರಳು ಅದರ ಮೇಲೆ ಹೋಗಿ ಕೂರುತ್ತಿತ್ತು, ಆಮೇಲೆ ಎಳೆದದ್ದೇ ಗೊತ್ತಾಗುತ್ತಿರಲಿಲ್ಲ.

೩. ಹಗ್ಗಕ್ಕೆ ಬಹುಮಾನವಿಲ್ಲ

ಕೆ.ಆರ್. ನಗರದ ಕಡೆ ಒಂದು ಊರಿನಲ್ಲಿ, ಭತ್ತ ಕುಯ್ದ ಮೇಲೆ ಖಾಲಿ ಗದ್ದೆಯಲ್ಲಿ ಕಾಯಿ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಕೆರೆ ಏರಿಯ ಬುಡದಲ್ಲಿ ಬಿದಿರು ನೆಟ್ಟು, ಹಗ್ಗದಲ್ಲಿ ತೆಂಗಿನಕಾಯಿ ಇಳಿಬಿಡುತ್ತಿದ್ದರು. ದೂರ ನಿಂತು ಅದಕ್ಕೆ ಗುಂಡು ಹೊಡೆಯಬೇಕು. ಬರುವವರೆಲ್ಲ ರೈಫಲ್ಲಿನವರು. ಕೊಡಗಿನ ಕಡೆಯಿಂದಲೂ ಬರುತ್ತಿದ್ದರು. ಸುಬೇದಾರರು ಪಿಸ್ತೂಲು ತೆಗೆದಾಗ ಜನ ನಕ್ಕರು. ದೀಪಾವಳಿ ಮುಗೀತು ಕಣಣ್ಣೋ ಎಂದು ಯಾರೋ ಕೂಗಿದರು.

ಸುಬೇದಾರರು ಕೂತು, ಮೊಣಕಾಲಿನ ಮೇಲೆ ಕೈಯೂರಿ ಹೊಡೆದರು. ಕಾಯಿ ಬಿತ್ತು.

ತೀರ್ಪುಗಾರರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಏರಿಯವರೆಗೆ ನಡೆದುಹೋಗಿ ಕಾಯಿ ಎತ್ತಿಕೊಂಡು ಬಂದರು. ಅದಕ್ಕೆ ಗುಂಡಿನ ಗುರುತಿರಲಿಲ್ಲ. ಕಾಯಿಗೆ ಗುಂಡು ತಾಗಿಲ್ಲ, ಹಗ್ಗ ಹಳೆಯದು, ತಾನಾಗಿ ಕಿತ್ತು ಬಿದ್ದಿದೆ ಎಂದು ತೀರ್ಪು ಕೊಟ್ಟರು. ನಾನು ಬಿಡಲಿಲ್ಲ. ಹಗ್ಗದ ತುದಿ ತಂದು ತೋರಿಸಿದೆ, ಸುಟ್ಟ ಗುರುತಿದೆ ನೋಡಿ ಅಂದೆ. ಒಂದು ಗಂಟೆ ಜಗಳವಾಡಿದೆ. ಕಾಯಿ ಒಡೆದಿದೆಯಲ್ಲ ಅಂದೆ. ಬಿದ್ದು ಒಡೆದದ್ದು ಬೇರೆ, ಗುಂಡಿಗೆ ಒಡೆದದ್ದು ಬೇರೆ ಎಂದು ಪಾಠ ಮಾಡಿದರು. ತೆಂಗಿನಕಾಯಿ ಹೊಡೆಯುವವನು ಊರಿಗೊಬ್ಬ ಇದ್ದಾನೆ, ಅಷ್ಟು ದೂರದಿಂದ ಹಗ್ಗ ಹೊಡೆಯುವವನು ಎಲ್ಲಿದ್ದಾನೆ ತೋರಿಸಿ ಎಂದು ಕೇಳಿದೆ. ಜನ ನನ್ನ ಕಡೆ ತಿರುಗುತ್ತಿದ್ದರು. ಹೆಡ್‌ಮಾಸ್ಟರಿಗೂ ಅದು ಕಂಡಿತು. ಸುಬೇದಾರರ ಕಡೆ ತಿರುಗಿದರು.

"ಆಯ್ತು ಸುಬೇದಾರ್ರೇ, ಹಗ್ಗ ನೀವೇ ಹೊಡೆದ್ರಿ ಅಂತ ಒಪ್ಕೋತೀನಿ. ಹಾಗಾದ್ರೆ ಮುಂದಿನ ವರ್ಷ ಹೊಸ ಹಗ್ಗ ನೀವೇ ತರಬೇಕು."

ನಾನು ಹಲ್ಲು ಕಡಿಯುತ್ತಿದ್ದೆ, ಸುಬೇದಾರರು ನಗುತ್ತಿದ್ದರು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತು ಹೇಳಿದರು. ತಾವು ಗುರಿ ಇಟ್ಟದ್ದು ಕಾಯಿಯ ನಡುವಿಗೆ, ತಾಗಿದ್ದು ಹಗ್ಗಕ್ಕೆ, ಹೆಡ್‌ಮಾಸ್ಟರ ತೀರ್ಪು ತಪ್ಪಲ್ಲ, ತಮ್ಮ ಕಣ್ಣು ತಪ್ಪುತ್ತಿದೆ ಎಂದರು. ಮೈಸೂರಿನ ಕಣ್ಣಿನ ಡಾಕ್ಟರು ಬಲಗಣ್ಣಿಗೆ ಪೊರೆ ಬಂದಿದೆ, ಈ ಸಂಕ್ರಾಂತಿ ಬಿಟ್ಟು ಮುಂದಿನ ಸಂಕ್ರಾಂತಿ ದಾಟುವುದರೊಳಗೆ ಆಪರೇಷನ್ ಮಾಡಿಸಲೇಬೇಕು, ಆಮೇಲೆ ದೂರದ್ದು ಹೇಗೆ ಕಾಣುತ್ತದೋ ಈಗಲೇ ಹೇಳುವುದಕ್ಕೆ ಬರುವುದಿಲ್ಲ ಎಂದಿದ್ದರಂತೆ.

"ಇನ್ನೊಂದೇ ಸಲ ಕಣಯ್ಯ. ಮುಂದಿನ್ ವರ್ಷ ಕಾಯಿ ಮಧ್ಯಕ್ಕೆ ತೂತು ಮಾಡ್ಬುಟ್ಟು, ಆಮೇಲೆ ಡಾಕ್ಟ್ರಿಗೆ ಕಣ್ಣು ಕೊಡ್ತೀನಿ."

ಆ ಇನ್ನೊಂದೇ ಸಲಕ್ಕೆ ತಿಂಗಳುಗಟ್ಟಲೆ ಭಾನುವಾರ ಭಾನುವಾರ ಕ್ವಾರಿಗೆ ಹೋದೆವು. ಅಷ್ಟರಲ್ಲಿ ಚುನಾವಣೆ ಬಂತು.

೪. ದಫೇದಾರರ ದುರ್ಬೀನು

ಚುನಾವಣೆ ಬಂದರೆ ಲೈಸೆನ್ಸ್ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಹಂದಿಗೆ ಹೆದರಿಕೊಂಡು ಕೋವಿ ಇಟ್ಟವನು ಓಟಿನ ದಿನ ದರೋಡೆ ಮಾಡುತ್ತಾನೆ ಎಂದು ಸರ್ಕಾರಕ್ಕೆ ಭಯ. ಹಂದಿಗಳಿಗೆ ಮಾತ್ರ ನೀತಿಸಂಹಿತೆ ಇಲ್ಲ, ಅವು ಪ್ರಚಾರದ ದಿನಗಳಲ್ಲೇ ಮುಸುಕಿನ ಜೋಳಕ್ಕೆ ನುಗ್ಗುತ್ತವೆ.

ಪಂದ್ಯದ ಪಿಸ್ತೂಲಿಗೆ ವಿನಾಯಿತಿ ಕೊಡಿ ಎಂದು ಕೇಳಿದೆವು, ಕೊಡಲಿಲ್ಲ. ಠಾಣೆಗೆ ಹೋದರೆ ಊರೂರಿನ ಕೋವಿಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಕಬ್ಬಿನ ಜಲ್ಲೆಯಂತೆ ಕಟ್ಟು ಕಟ್ಟಿ ಗೋಡೆಗೆ ಒರಗಿಸಿದ್ದರು. ನಾನು ಅಲ್ಲೇ ಜೋರು ಮಾಡಿದೆ. ಈ ಪಿಸ್ತೂಲಿನ ಟ್ರಿಗರ್ ಬಲು ನಾಜೂಕು, ಇದನ್ನು ಕಟ್ಟಿನೊಳಗೆ ಸೇರಿಸಿದರೆ ನಾನು ಸುಮ್ಮನಿರುವುದಿಲ್ಲ ಎಂದೆ. ಠಾಣೆಯ ದಫೇದಾರರು ವಯಸ್ಸಾದವರು, ಜಗಳ ಬೇಡವೆಂದು ಅದನ್ನು ತಮ್ಮ ಮೇಜಿನ ಹಿಂದಿನ ಬೀರುವಿಗೆ ಹಾಕಿಕೊಂಡರು. ಸುಬೇದಾರರು ಬೋಲ್ಟು ತೆಗೆದು ಬೇರೆಯಾಗಿ ಕೊಟ್ಟರು.

ಬೋಲ್ಟು ತೆಗೆದ ಮೇಲೆ ಅದು ಬರೀ ದುರ್ಬೀನು. ಮಾರನೆಯ ದಿನ ದಫೇದಾರರು ಬೀರು ತೆಗೆದು, ಕಿಟಕಿಯಲ್ಲಿ ಕೂತು, ಅದರಲ್ಲಿ ಬಸ್ ಸ್ಟ್ಯಾಂಡಿನ ಕಡೆ ನೋಡಿದರು. ವೃತ್ತದಲ್ಲಿ ಬಂದೋಬಸ್ತಿಗೆ ನಿಲ್ಲಿಸಿದ್ದ ಕಾನ್‌ಸ್ಟೇಬಲ್ ವೃತ್ತದಲ್ಲಿ ಇರಲಿಲ್ಲ. ಹೋಟೆಲಿನ ಒಳಗೆ, ಮೂಲೆಯ ಮೇಜಿನಲ್ಲಿ, ಮಸಾಲೆ ದೋಸೆಗೆ ಎರಡನೆಯ ಸಲ ಚಟ್ನಿ ಹಾಕಿಸಿಕೊಳ್ಳುತ್ತಿದ್ದ. ಅವನು ಬಂದು ಬಿಸಿಲಲ್ಲಿ ನಿಂತು ಸಾಕಾಯಿತು ಎಂದಾಗ ದಫೇದಾರರು ಚಟ್ನಿ ಹೇಗಿತ್ತು ಎಂದು ಕೇಳಿದರು.

ಅಲ್ಲಿಂದ ಮುಂದೆ ಅವರಿಗೆ ದಿನವೂ ಅದೇ ಕೆಲಸ. ಯಾರು ಎಲ್ಲಿ ಟೀ ಕುಡಿದ, ಯಾರು ಮರದ ನೆರಳಲ್ಲಿ ಟೋಪಿ ಮುಖಕ್ಕೆ ಹಾಕಿಕೊಂಡು ಮಲಗಿದ, ಯಾರು ಲಾಟರಿ ಅಂಗಡಿ ಮುಂದೆ ನಿಂತ, ಎಲ್ಲವೂ ಕೂತಲ್ಲೇ ಗೊತ್ತಾಗತೊಡಗಿತು. ಪಿಸ್ತೂಲು ಹೇಗಿದೆ ಎಂದು ನೋಡಲು ನಾನು ಒಂದು ದಿನ ಹೋದಾಗ ಕಾನ್‌ಸ್ಟೇಬಲ್ಲುಗಳು ನನ್ನನ್ನು ಠಾಣೆಯ ಹಿಂದಿನ ಹುಣಸೆಮರದ ಬುಡಕ್ಕೆ ಕರೆದೊಯ್ದರು. ಅವರಲ್ಲಿ ಹಿರಿಯನು ನನ್ನ ಕೈ ಹಿಡಿದುಕೊಂಡ.

"ಅಣ್ಣ, ನೀವು ಹೋರಾಟ ಮಾಡೋರು ಅಂತ ಕೇಳಿವ್ನಿ. ಹೆಂಗಾರಾ ಮಾಡಿ ಆ ಪಿಸ್ತೂಲ್ನ ಬುಡುಸ್ಕೊಂಡೋಗಿ. ನಮ್ಮ ಬೆಂಬ್ಲ ಅದೆ."

೫. ಇಬ್ಬರ ಧರಣಿ

ಓಟು ಮುಗಿಯಿತು, ಎಣಿಕೆ ಮುಗಿಯಿತು, ಗೆದ್ದವರು ಹಾಕಿಸಿಕೊಂಡ ಹಾರ ಒಣಗಿಯೂ ಹೋಯಿತು. ಕೋವಿಯ ಕಟ್ಟು ಬಿಚ್ಚಿ ಎಲ್ಲರಿಗೂ ಕೊಟ್ಟರು. ನನ್ನದೂ ಬಂತು, ನಳಿಗೆಯಲ್ಲಿ ಜೇಡದ ಬಲೆಯೊಂದಿಗೆ. ಸುಬೇದಾರರದು ಮಾತ್ರ ಬರಲಿಲ್ಲ. ಅದು ಕೋವಿಯಲ್ಲ, ಪಿಸ್ತೂಲು, ಮೇಲಿನಿಂದ ಆರ್ಡರ್ ಬರಬೇಕು ಎಂದರು ಇನ್ಸ್‌ಪೆಕ್ಟರ್ ಸಾಹೇಬರು. ಮೇಲಿನವರನ್ನು ಕೇಳಿದರೆ ಕೆಳಗಿನಿಂದ ವರದಿ ಬರಬೇಕು ಎಂದರು. ಗದ್ದೆಗಳಲ್ಲಿ ಭತ್ತ ಹಣ್ಣಾಗುತ್ತಿತ್ತು. ಸುಬೇದಾರರು ಕ್ವಾರಿಗೆ ಹೋಗಿ ಬರೀ ಬೆರಳಿನಲ್ಲಿ ಗುರಿ ಹಿಡಿಯುವ ಅಭ್ಯಾಸ ಮಾಡುತ್ತಿದ್ದರು.

ಠಾಣೆಯ ಮುಂದೆ ಧರಣಿ ಕೂರುತ್ತೇನೆ ಎಂದೆ. ಅದಕ್ಕೆ ಅದೇ ಠಾಣೆಯಿಂದ ಅನುಮತಿ ಬೇಕಂತೆ. ಎಷ್ಟು ಜನ ಕೂರುತ್ತೀರಿ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಕೂರುವವನು ನಾನೊಬ್ಬ, ಸುಬೇದಾರರಿಗೆ ಮಂಡಿ ನೋವು, ಅವರು ನಿಲ್ಲುತ್ತಾರೆ ಅಂದೆ. ಧರಣಿ ಎಂದ ಮೇಲೆ ಬಂದೋಬಸ್ತು ಹಾಕಲೇಬೇಕು ಎಂದು ಅವರು ಹಾಕಿದರು. ಹಾಗಾಗಿ ನಾವಿಬ್ಬರು, ನಮ್ಮನ್ನು ಕಾಯಲು ಅರ್ಧ ಠಾಣೆ. ದಾರಿಯಲ್ಲಿ ಹೋಗುವವರು ದೊಡ್ಡ ಗಲಾಟೆಯೇ ನಡೆದಿದೆ ಎಂದುಕೊಂಡು ನಿಂತರು. ಕಡಲೆಕಾಯಿ ಮಾರುವವನು ಗಾಡಿ ತಂದು ನಿಲ್ಲಿಸಿದ.

ಧರಣಿಗೆ ಘೋಷಣೆ ಬೇಕು. ನಾನು ಎದ್ದು, ಕೈ ಮೇಲೆತ್ತಿ, ಬೇಕೇ ಬೇಕು ಎಂದು ಕೂಗಿದೆ. ಇದಕ್ಕೆ ಎದುರು ಗುಂಪು ನ್ಯಾಯ ಬೇಕು ಅನ್ನಬೇಕು. ಗುಂಪೆಂದರೆ ಸುಬೇದಾರರು. ಅವರಿಗೆ ಮಿಲಿಟರಿಯಲ್ಲಿ ಇದನ್ನು ಕಲಿಸಿರಲಿಲ್ಲ, ಸುಮ್ಮನೆ ಅಟೆನ್ಷನ್‌ನಲ್ಲಿ ನಿಂತಿದ್ದರು. ಇನ್ನೊಮ್ಮೆ ಬೇಕೇ ಬೇಕು ಎಂದೆ. ಬೀದಿಯೆಲ್ಲ ನಿಶ್ಶಬ್ದ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ. ಬಂದೋಬಸ್ತಿಗೆ ನಿಂತಿದ್ದ ಕಾನ್‌ಸ್ಟೇಬಲ್ಲುಗಳು, ವರ್ಷಗಟ್ಟಲೆ ನೂರಾರು ಧರಣಿ ಕಾದವರು, ಅಭ್ಯಾಸಬಲದಿಂದಲೋ ಹೊಟ್ಟೆಯೊಳಗಿನ ದುಃಖದಿಂದಲೋ, ಒಂದೇ ಧ್ವನಿಯಲ್ಲಿ ಉತ್ತರ ಕೊಟ್ಟರು.

"ನ್ಯಾಯ ಬೇಕು."

ಒಳಗಿಂದ ದಫೇದಾರರು ದುರ್ಬೀನು ಹಿಡಿದುಕೊಂಡೇ ಹೊರಗೆ ಓಡಿ ಬಂದರು, ಯಾರು ಕೂಗಿದ್ದು ಎಂದು ನೋಡಲು.

೬. ಉಚಿತ ಸೇವೆ

ಧರಣಿಯ ಫಲವೋ ಕಾನ್‌ಸ್ಟೇಬಲ್ಲುಗಳ ಹರಕೆಯ ಫಲವೋ, ಕೊನೆಗೂ ಆರ್ಡರ್ ಬಂತು. ಪಂದ್ಯದ ಹಿಂದಿನ ದಿನ ಬಂತು. ಸುಬೇದಾರರು ಒಗೆದ ಬಟ್ಟೆ ಹಾಕಿಕೊಂಡು, ಮೀಸೆ ತೀಡಿಕೊಂಡು ಹೊರಟರು.

ಇನ್ಸ್‌ಪೆಕ್ಟರ್ ಸಾಹೇಬರು ಆವತ್ತು ಬಲು ಖುಷಿಯಲ್ಲಿದ್ದರು. ನಮ್ಮನ್ನು ಕೂರಿಸಿದರು. ನನಗೂ ಕುರ್ಚಿ ಹಾಕಿಸಿದರು, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಟೀ ತರಿಸಿದರು. ಪಿಸ್ತೂಲು ಎಣ್ಣೆ ಹಚ್ಚಿಸಿಕೊಂಡು ಫಳಫಳ ಹೊಳೆಯುತ್ತಾ ಮೇಜಿನ ಮೇಲಿತ್ತು. ತಮ್ಮ ಮೇಲೆ ಜನ ಸುಮ್ಮನೆ ದೂರುತ್ತಾರೆ, ಆದರೆ ತಾವು ಸಾರ್ವಜನಿಕರ ವಸ್ತುವನ್ನು ಸ್ವಂತ ವಸ್ತುವಿನಂತೆ ನೋಡಿಕೊಳ್ಳುತ್ತೇವೆ ಎಂದು ಶುರುಮಾಡಿದರು. ಪಿಸ್ತೂಲು ಪರೀಕ್ಷೆ ಮಾಡುವಾಗ ಒಂದು ದೊಡ್ಡ ದೋಷ ಕಣ್ಣಿಗೆ ಬಿತ್ತಂತೆ. ಬೆರಳು ತಾಗಿದರೆ ಸಾಕು, ಟ್ರಿಗರ್ ಟಕ್ ಎಂದು ಬಿಟ್ಟುಕೊಳ್ಳುತ್ತಿತ್ತಂತೆ. ಸ್ಪ್ರಿಂಗು ಸತ್ತು ಹೋಗಿದೆ ಎಂದು ಗೊತ್ತಾಗಿ, ಇಲಾಖೆಯ ಬಂದೂಕು ರಿಪೇರಿಯವನನ್ನು ಕರೆಸಿ, ಪೊಲೀಸ್ ರೈಫಲ್ಲಿಗೆ ಇರುವಷ್ಟೇ ಬಿಗಿ ಮಾಡಿಸಿದ್ದಾರಂತೆ. ಒಂದು ಪೈಸೆಯೂ ಕೊಡಬೇಕಾಗಿಲ್ಲವಂತೆ.

ನಾನು ಟೀ ಲೋಟ ಕೆಳಗಿಟ್ಟೆ. ಸುಬೇದಾರರು ಪಿಸ್ತೂಲು ತೆಗೆದುಕೊಂಡು, ಬೋಲ್ಟು ಹಾಕಿ, ಒಳಗೆ ಗುಂಡಿಲ್ಲ ಎಂದು ಎರಡು ಸಲ ನೋಡಿ, ಗೋಡೆಯ ಕಡೆ ತಿರುಗಿಸಿ ನಡುಬೆರಳಿನಲ್ಲಿ ಎಳೆದರು. ಏನೂ ಆಗಲಿಲ್ಲ. ಇನ್ನೂ ಎಳೆದರು. ಬಾವಿಯಿಂದ ತುಂಬಿದ ಕೊಡ ಸೇದುವವರಂತೆ ಕುತ್ತಿಗೆಯ ನರ ಉಬ್ಬಿತು. ಕೊನೆಗೆ ಟಕ್ ಎಂದಿತು. ಅಷ್ಟರಲ್ಲಿ ನಳಿಗೆ ಗೋಡೆಯ ಕ್ಯಾಲೆಂಡರಿನಿಂದ ಕಿಟಕಿಯವರೆಗೆ ತಿರುಗಿತ್ತು.

ನಾನು ಎದ್ದು ಬಾಯಿಗೆ ಬಂದದ್ದೆಲ್ಲ ಅಂದೆ. ಹೊಲಿದು ಕೊಟ್ಟ ಅಂಗಿ ಸಣ್ಣದಾಗಿದೆ ಎಂದು ಯಾರಾದರೂ ಮೈಯನ್ನು ಕತ್ತರಿಸುತ್ತಾರೆಯೇ ಎಂದು ಕೇಳಿದೆ. ಇನ್ಸ್‌ಪೆಕ್ಟರಿಗೆ ನಿಜವಾಗಿಯೂ ಬೇಸರವಾಯಿತು. ಸುಬೇದಾರರು ನನ್ನ ತೋಳು ಹಿಡಿದು ಕೂರಿಸಿ, ಮೆಲ್ಲಗೆ ಹೇಳಿದರು.

"ಸಾರ್, ಈಗ ಇದ್ರಲ್ಲಿ ಯಾರೂ ಏನೂ ಹೊಡೆಯಕ್ಕಾಗಲ್ಲ."

"ಅದೇ ಅಲ್ವೇನ್ರೀ ನಮಗೂ ಬೇಕಾಗಿರೋದು," ಎಂದರು ಇನ್ಸ್‌ಪೆಕ್ಟರ್, ಮುಖ ಅರಳಿಸಿಕೊಂಡು.

ಠಾಣೆಯಿಂದ ನೇರ ಪಿರಿಯಾಪಟ್ಟಣಕ್ಕೆ ಓಡಿದೆವು. ರಿಪೇರಿಯವರು ನೆಂಟರ ಮದುವೆಗೆಂದು ಎನ್. ಬೇಗೂರಿಗೆ ಹೋಗಿದ್ದರು, ಬರುವುದಕ್ಕೆ ಎರಡು ದಿನವಾಗುತ್ತದೆ. ಅಂಗಡಿಯಲ್ಲಿ ಇದ್ದವರು ಅವರ ತಂದೆ ಒಬ್ಬರೇ. ನಮ್ಮ ಕೈಯಲ್ಲಿ ಟಿಫಿನ್ ಡಬ್ಬಿ ಇಲ್ಲದ್ದು ನೋಡಿ ಅವರು ಹೆಚ್ಚು ಮಾತಾಡಲಿಲ್ಲ.

೭. ಕೆ.ಆರ್. ನಗರದ ಗದ್ದೆಯಲ್ಲಿ

ಮಾರನೆಯ ದಿನ ಗದ್ದೆಯಲ್ಲಿ ಜನವೋ ಜನ. ಹಗ್ಗ ಹೊಡೆದ ಸುಬೇದಾರರು ಮತ್ತೆ ಬಂದಿದ್ದಾರೆ ಎಂದು ಸುದ್ದಿಯಾಗಿತ್ತು. ಬೇರೆ ಪಿಸ್ತೂಲು ತಂದು ಹೊಡೆಯಲು ನಮ್ಮ ಹತ್ತಿರ ಬೇರೆ ಎಲ್ಲಿತ್ತು? ನನ್ನ ಹಂದಿ ಕೋವಿಗೆ ಅಷ್ಟು ದೂರ ಕಾಣುವುದೇ ಇಲ್ಲ. ವಾಪಸ್ ಹೋಗೋಣ ಅಂದೆ. ಸುಬೇದಾರರು ಬಲಗಣ್ಣು ಒರೆಸಿಕೊಂಡು, ಬಂದದ್ದು ಬಂದಿದ್ದೇವೆ, ಸಂಕ್ರಾಂತಿ ಇನ್ನು ದೂರವಿಲ್ಲ ಎಂದರು.

ಒಬ್ಬೊಬ್ಬರಿಗೆ ಮೂರು ಗುಂಡು. ಮೊದಲನೆಯದಕ್ಕೆ ಸುಬೇದಾರರು ಎಳೆದರು, ಎಳೆದರು, ನಳಿಗೆ ಪಕ್ಕಕ್ಕೆ ತಿರುಗಿತು, ಗುಂಡು ಏರಿಯ ಮಣ್ಣಿಗೆ ಹೋಯಿತು. ಎರಡನೆಯದೂ ಅ‌ಲ್ಲಿಗೇ. ಮೂರನೆಯದಕ್ಕೆ ಮರಗಟ್ಟಿದ ತೋರುಬೆರಳನ್ನೂ ನಡುಬೆರಳಿನ ಜೊತೆ ತೂರಿಸಿ ಎರಡೂ ಬೆರಳಲ್ಲಿ ಎಳೆದರು. ಕಾಯಿ ಅಲುಗಲಿಲ್ಲ. ಬಿದಿರಿನ ಬುಡದಿಂದ ಸಿಪ್ಪೆ ಹಾರಿತು.

ಹೆಡ್‌ಮಾಸ್ಟರು ಹೋಗಿ ನೋಡಿ ಬಂದು, ಹೋದ ವರ್ಷ ಹಗ್ಗ, ಈ ವರ್ಷ ಬಿದಿರು, ಇವರು ಕಾಯಿಯ ಸುತ್ತಲಿನದ್ದೆಲ್ಲ ಹೊಡೆದು ಮುಗಿಸುತ್ತಾರೆ ಎಂದರು. ಗದ್ದೆ ತುಂಬ ನಗು. ಸುಬೇದಾರರು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಬೋಲ್ಟು ತೆರೆದು, ಹಿಂದೆ ಸರಿದು ನಿಂತರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಅಷ್ಟು ಬಂದೂಕು ಸೇರುವ ಜಾಗವೆಂದು ಬಂದೋಬಸ್ತಿಗೆ ಅಕ್ಕಪಕ್ಕದ ಠಾಣೆಯವರನ್ನೂ ಕರೆಸಿದ್ದರು. ನಮ್ಮ ಇನ್ಸ್‌ಪೆಕ್ಟರೂ, ದಫೇದಾರರೂ ಬಂದಿದ್ದರು. ಸಮವಸ್ತ್ರದಲ್ಲಿ ಬಂದವರನ್ನು ಮುಖ್ಯ ಅತಿಥಿ ಮಾಡುವುದು ನಮ್ಮ ಕಡೆಯ ಪದ್ಧತಿ. ಇನ್ಸ್‌ಪೆಕ್ಟರಿಗೆ ಹಾರ ಹಾಕಿ, ಬಹುಮಾನ ಕೊಡುವ ಮುಂಚೆ ಸಾಹೇಬರೂ ಒಂದು ಗುಂಡು ಹೊಡೆಯಬೇಕು, ಫೋಟೋ ಆಗುತ್ತದೆ ಎಂದು ಊರಿನವರು ಕೇಳಿಕೊಂಡರು. ಯಾರ ಬಂದೂಕಿನಲ್ಲಿ ಎಂದು ಪ್ರಶ್ನೆ ಬಂತು. ಇನ್ಸ್‌ಪೆಕ್ಟರ್ ಮೇಜಿನ ಕಡೆ ನೋಡಿ, ಇದು ನಮ್ಮ ಠಾಣೆಯಲ್ಲೇ ಇದ್ದದ್ದು, ನಮಗೆ ಪರಿಚಯದ ಪಿಸ್ತೂಲು ಎಂದರು. ಸುಬೇದಾರರು ಗುಂಡು ಹಾಕಿ ಕೊಟ್ಟರು.

ಸಾಹೇಬರು ಹಾರದ ಸಮೇತ ಕೂತು ಗುರಿ ಹಿಡಿದರು. ಫೋಟೋದವನು ಒಂದು ಕಣ್ಣು ಮುಚ್ಚಿಕೊಂಡ. ಸಾಹೇಬರು ಎಳೆದರು. ಇನ್ನೂ ಎಳೆದರು. ಹಾರದ ಸೇವಂತಿಗೆ ಒಂದೊಂದಾಗಿ ಉದುರತೊಡಗಿತು. ನಾಲಿಗೆ ತುದಿ ಹೊರಗೆ ಬಂತು. ಫೋಟೋದವನು ಸುಸ್ತಾಗಿ ಕಣ್ಣು ತೆರೆದ. ಯಾರೋ ಮುದುಕರು, ಲೇ ಸಾಯೇಬ್ರಿಗೆ ನೀರು ಕೊಡ್ರೋ ಎಂದರು. ಕೊನೆಗೆ ಇನ್ಸ್‌ಪೆಕ್ಟರ್ ಪಿಸ್ತೂಲನ್ನು ಏರಿಯ ಕಡೆಗೇ ಹಿಡಿದುಕೊಂಡು, ಕೆಂಪಗಾದ ಮುಖ ಮಾತ್ರ ಹಿಂದೆ ತಿರುಗಿಸಿದರು.

"ಏನ್ರೀ ಇದು, ಕೆಟ್ಟೋಗಿದೆಯಲ್ರೀ."

"ಇಲ್ಲ ಸಾರ್," ಎಂದರು ಸುಬೇದಾರರು, ಅಟೆನ್ಷನ್‌ನಲ್ಲಿ ನಿಂತು. "ನೀವೇ ರಿಪೇರಿ ಮಾಡಿಸಿದ್ದು."

ಮೊದಲು ನಕ್ಕವರು ದಫೇದಾರರು. ಆಮೇಲೆ ಗದ್ದೆಯಲ್ಲಿ ಯಾರನ್ನೂ ಹಿಡಿಯಲು ಬಂದೋಬಸ್ತಿನವರಿಂದ ಆಗಲಿಲ್ಲ, ಏಕೆಂದರೆ ಅವರೂ ಹೊಟ್ಟೆ ಹಿಡಿದುಕೊಂಡಿದ್ದರು. ಹೆಡ್‌ಮಾಸ್ಟರು ನಗುತ್ತಾ ನಗುತ್ತಾ ಕಾಯಿಯನ್ನು ಬಿದಿರಿನಿಂದ ಬಿಚ್ಚಿ ಸುಬೇದಾರರಿಗೆ ತಂದುಕೊಟ್ಟರು. ಅದರಲ್ಲಿ ತೂತಿರಲಿಲ್ಲ.

ಆಮೇಲೆ ಸಂಕ್ರಾಂತಿ ಬಂತು, ಆಪರೇಷನ್ ಆಯಿತು. ಸುಬೇದಾರರಿಗೆ ಈಗ ಪೇಪರು ಓದಲು ಬರುತ್ತದೆ, ಬಸ್ಸಿನ ಬೋರ್ಡು ಕಾಣುತ್ತದೆ, ಅಷ್ಟು ದೂರದ ಕಾಯಿ ಕಾಣುವುದಿಲ್ಲ. ರಿಪೇರಿಯವರು ಟ್ರಿಗರನ್ನು ಮೊದಲಿನ ಹಾಗೆ ಮಾಡಿಕೊಟ್ಟರು. ಕಣ್ಣನ್ನು ಮೊದಲಿನ ಹಾಗೆ ಮಾಡುವುದು ಯಾರಿಗೂ ಬರಲಿಲ್ಲ. ಆ ಒಂದು ಗುಂಡು ಅವರದ್ದಾಗಿತ್ತು, ಅದನ್ನು ಕಸಿದುಕೊಂಡವರು ಒಂದು ಮಾತು ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ.

ನಕ್ಕದ್ದು ಸಾಕು. ಈಗ ನೀವು ಮಾಡಬೇಕಾದದ್ದನ್ನು ಕೇಳಿ. ಚುನಾವಣೆ ಮತ್ತೆ ಬರುತ್ತದೆ. ಕೋವಿ ಒಪ್ಪಿಸುವಾಗ ಅದು ಯಾವ ಸ್ಥಿತಿಯಲ್ಲಿದೆ ಎಂದು ರಸೀದಿಯಲ್ಲಿ ಬರೆಸಿ, ಯಾರೂ ಬಿಚ್ಚಬಾರದು ಎಂದೂ ಬರೆಸಿ. ಬರೆಯುವುದಿಲ್ಲ ಎಂದರೆ ಅಲ್ಲೇ ಕೂತುಕೊಳ್ಳಿ. ವಾಪಸ್ ಕೊಡುವಾಗ ಅವರು ಟೀ ಕೊಟ್ಟರೆ ಕುಡಿಯಬೇಡಿ, ಕುರ್ಚಿ ಕೊಟ್ಟರೆ ಕೂರಬೇಡಿ. ಒಳಗೆ ಗುಂಡಿಲ್ಲ ಎಂದು ನೋಡಿ, ಗೋಡೆಯ ಕಡೆ ಹಿಡಿದು, ಅವರ ಕಣ್ಣೆದುರಿಗೇ ಟ್ರಿಗರ್ ಎಳೆಯಿರಿ. ಸರಿಯಿಲ್ಲದಿದ್ದರೆ ಸಹಿ ಹಾಕಬೇಡಿ. ನಿಮ್ಮ ಕೋವಿ ಈಗಲೂ ಠಾಣೆಯಲ್ಲಿ ಬಿದ್ದಿದ್ದರೆ ಈ ಪುಟ ಮಡಚಿ ಜೇಬಿಗಿಟ್ಟುಕೊಂಡು ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡಿ, ಪಕ್ಕದ ಮನೆಯವರನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ.